ಕಂಡಕ್ಟರ್ ನಾದಿನಿಯ ನಾರ್ವೆ ಟ್ರಿಪ್ಪು

ಪರದೇಶ ಸುತ್ತಲು ಹೊರಟವರು ಎಲ್ಲಕ್ಕಿಂತ ಮೊದಲು ಏನನ್ನು ಹುಡುಕುತ್ತಾರೆ, ಹೇಳಿ ನೋಡೋಣ? ಉಳಿದುಕೊಳ್ಳಲು ಹೋಟೆಲ್ಲೇ? ಅನ್ನ ಸಾರು ಸಿಗುವ ಜಾಗವೇ? ಫೋಟೋ ತೆಗೆಸಿಕೊಳ್ಳಲು ಒಂದು ಒಳ್ಳೆಯ ಬೆಟ್ಟವೇ? ಯಾವುದೂ ಅಲ್ಲ! ನನ್ನ ನಾದಿನಿ ನಾರ್ವೆ ಅನ್ನುವ ದೇಶದ ನಕ್ಷೆಯನ್ನು ಫೋನಿನಲ್ಲಿ ಬಿಡಿಸಿಕೊಂಡು ಮೊಟ್ಟಮೊದಲು ಹುಡುಕಿದ್ದು ಕಕ್ಕಸು!

ಮೂಗು ಮುಚ್ಚಿಕೊಳ್ಳಬೇಡಿ, ಸ್ವಲ್ಪ ತಾಳಿ. ಅವಳು ಹಾಕುತ್ತಿದ್ದುದು ಒಂದು ವಾರದ ಕಾರು ಪ್ರವಾಸದ ಪ್ಲಾನು. ಆ ದೇಶದಲ್ಲಿ ಸಮುದ್ರವೇ ಬೆಟ್ಟಗಳ ಸಂದಿಗೆ ನುಗ್ಗಿ ಮಲಗಿಕೊಂಡಿದೆಯಂತೆ. ರಸ್ತೆಯ ಪಕ್ಕಕ್ಕೇ ಜಲಪಾತಗಳು ಧುಮುಕುತ್ತವಂತೆ. ಜನ ಅದನ್ನೆಲ್ಲ ನೋಡಿ ಬಾಯಿ ಬಿಟ್ಟುಕೊಂಡು ನಿಂತರೆ ಇವಳು, "ಅದಿರ್ಲಿ ಅತ್ಗೆ, ಅದ್ರ ಪಕ್ಕದಲ್ಲಿ ಬಾಗ್ಲು ಕಾಣ್ತದಲ್ಲ, ಅದಕ್ಕೆ ಒಳಗಿಂದ ಚಿಲ್ಕ ಐತಾ ನೋಡು" ಅನ್ನುತ್ತಾಳೆ. ಇಂಥವಳನ್ನು ಕಟ್ಟಿಕೊಂಡು ಯಾರು ತಾನೇ ಪ್ರವಾಸ ಹೋದಾರು?

ಅವಳು ನಮ್ಮ ಯಜಮಾನರ ತಂಗಿ. ಹೊಳೆನರಸೀಪುರದಲ್ಲಿ ನಮ್ಮ ಜೊತೆಯಲ್ಲೇ ಇದ್ದಾಳೆ. ಮದುವೆ ಬೇಡ ಅಂದಳು, ಬಸ್ ಕಂಡಕ್ಟರ್ ಆದಳು. ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣ, ಅದೇ ದಾರಿಯಲ್ಲಿ ಮತ್ತೆ ವಾಪಸ್ಸು. ಆಯಸ್ಸಿನ ಮುಕ್ಕಾಲು ಭಾಗವನ್ನು ಅವಳು ಓಡುವ ಬಸ್ಸಿನಲ್ಲಿ ನಿಂತೇ ಕಳೆದಳು. ಆ ಅಭ್ಯಾಸ ರಿಟೈರ್ ಆದರೂ ಬಿಡಬೇಕಲ್ಲ! ಮದುವೆ ಮನೆಯಲ್ಲಿ ಊಟದ ಬಾಗಿಲಿಗೆ ಜನ ಮುತ್ತಿಕೊಂಡರೆ, "ಒಳಕ್ ನಡೀರಿ, ಒಳಕ್ ನಡೀರಿ, ಇಂದ್ಗಡೆ ಖಾಲಿ ಐತೆ!" ಎಂದು ಬೀಗರನ್ನೇ ತಳ್ಳುತ್ತಾಳೆ. ಅದನ್ನಾದರೂ ಸಹಿಸಬಹುದು. ಒಮ್ಮೆ ದುದ್ದದಲ್ಲಿ ನೆಂಟರೊಬ್ಬರು ತೀರಿಕೊಂಡಿದ್ದರು. ಹೆಣದ ಸುತ್ತ ಜನ ನಿಂತುಬಿಟ್ಟಿದ್ದಾರೆ, ಅತ್ತ ಹೋಗುವವರಿಲ್ಲ, ಇತ್ತ ಬರುವವರಿಲ್ಲ. ಇವಳು ಚಪ್ಪಾಳೆ ತಟ್ಟಿದಳು. "ನೋಡಾಯ್ತಾ? ಇಳ್ಕಳಿ, ಇಳ್ಕಳಿ! ನೋಡ್ದೇ ಇರೋರು ಅತ್ಕಳಿ!" ಅಳುತ್ತಿದ್ದ ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅಳು ತಡೆಯಲಾರದೆ ಓಡಿದಳೆಂದು ಊರು ಇವತ್ತಿಗೂ ಹೊಗಳುತ್ತದೆ. ನಾನು ಹಿತ್ತಲಲ್ಲೇ ಇದ್ದೆ, ನನಗೆ ಗೊತ್ತು!

ಅವಳು ರಿಟೈರ್ ಆದ ಬೆನ್ನಿಗೇ ಅವಳ ಎರಡೂ ಕಿಡ್ನಿಗಳು ರಿಟೈರ್ ಆದವು. ಅವಕ್ಕೆ ಹಾರವಿಲ್ಲ, ಶಾಲಿಲ್ಲ, ಬೀಳ್ಕೊಡುಗೆಯಿಲ್ಲ. ಒಂದು ದಿನ ಮುಖ ಊದಿಕೊಂಡಿತು, ಹಾಸನಕ್ಕೆ ಕರೆದುಕೊಂಡು ಹೋದೆವು, ಆಗಲೇ ಎಲ್ಲ ಮುಗಿದಿತ್ತು. ಡಾಕ್ಟರು ಚೀಟಿ ನೋಡುತ್ತಾ ಕೇಳಿದರು: "ಏನಮ್ಮ, ನೀರು ಸರಿಯಾಗಿ ಕುಡೀತಿರ್ಲಿಲ್ವಾ?"

"ಕುಡುದ್ರೆ ಎಲ್ಲಿಗೋಗದು ಸಾ?"

ಡಾಕ್ಟರು ತಲೆ ಎತ್ತಿದರು. ಆಮೇಲೆ ಬೀಪಿಯದೂ ಪಾಲಿದೆ, ಇನ್ನೂ ಏನೇನೋ ಇದೆ ಅಂದರು. ಬಸ್ಸು ನಿಂತ ಕಡೆ ಡ್ರೈವರು ಮರದ ಹಿಂದಕ್ಕೆ ಹೋಗಿ ಬರುತ್ತಿದ್ದ. ಇವಳು ಎಲ್ಲಿಗೆ ಹೋಗಬೇಕಿತ್ತು? ಒಂದು ಸ್ಟ್ಯಾಂಡಿನ ಕಕ್ಕಸಿಗೆ ಬೀಗ, ಇನ್ನೊಂದರದಕ್ಕೆ ಬಾಗಿಲೇ ಇಲ್ಲ. ಹಾಗಾಗಿ ಬೆಳಿಗ್ಗೆ ಡ್ಯೂಟಿ ಹತ್ತಿದವಳು ಇಳಿಯುವ ತನಕ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಬಿಸಿಲು ಕಾಲದಲ್ಲೂ ಅಷ್ಟೆ. ಮನೆಗೆ ಬಂದು ಬಚ್ಚಲಿಗೆ ಹೋಗಿ ಬಂದು ಆಮೇಲೆ ಚೊಂಬು ಎತ್ತಿ ಗಟಗಟ ಕುಡಿಯುತ್ತಿದ್ದಳು. ನಾವು ಅದನ್ನು ನೋಡಿ, "ಎಮ್ಮೆ ನೀರಿಗೆ ಬಂತು" ಎಂದು ನಗುತ್ತಿದ್ದೆವು.

ಕುಡಿದದ್ದು ಮೈಯಲ್ಲೇ ನಿಂತು ಊದಿಕೊಳ್ಳುವುದರಿಂದ ಈಗ ಅವಳಿಗೆ ನೀರು ಅಳತೆಯಲ್ಲಿ. ಸಾರು, ಕಾಫಿ, ಮಾತ್ರೆ ನುಂಗುವ ಗುಟುಕು, ಎಲ್ಲ ಆ ಅಳತೆಯೊಳಗೇ. ಅಳೆದು ಕೊಡುವ ಪೊಲೀಸು ನಾನು. ಹೇಮಾವತಿ ಹೊಳೆ ಊರ ಪಕ್ಕದಲ್ಲೇ ಹರಿಯುತ್ತಿದ್ದರೂ ಅವಳ ನಾಲಿಗೆ ಮಾತ್ರ ಒಣಗಿ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. "ಇನ್ನೊಂದ್ ಗುಟ್ಕು ಕೊಡೆ, ನಿಮ್ಮಪ್ಪನ ಮನೆ ಬಾವಿದಾ?" ಎಂದು ಬೈಯುತ್ತಾಳೆ. ನಾನು ಕೊಡುವುದಿಲ್ಲ. ಅಡುಗೆ ಮನೆಗೆ ಹೋಗಿ, ನಲ್ಲಿಯ ಸದ್ದು ಅವಳಿಗೆ ಕೇಳದ ಹಾಗೆ ಸಣ್ಣಗೆ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತೇನೆ.

ವಾರಕ್ಕೆ ಮೂರು ಸಲ ಹಾಸನಕ್ಕೆ ಡಯಾಲಿಸಿಸ್. ನಮ್ಮ ಯಜಮಾನರ ಹಳೇ ಓಮ್ನಿಯಲ್ಲಿ ಹೋಗುವುದು. ಅಲ್ಲಿ ಸಾಲಾಗಿ ಮಂಚಗಳು, ಮಂಚಕ್ಕೊಂದು ಮೆಷಿನ್ನು, ಗೋಡೆಯಲ್ಲಿ ಸದ್ದಿಲ್ಲದ ಟೀವಿ. ಒಂದು ದಿನ ಟೀವಿಯಲ್ಲಿ ಯಾವುದೋ ದೇಶದ ರಸ್ತೆ ಓಡುತ್ತಿತ್ತು. ಸಮುದ್ರದ ಅಂಚಿಗೆ ಒಂದು ಕಟ್ಟಡ, ಅಲೆಯ ಹಾಗೆ ಬಾಗಿದ ಮಾಡು, ಗಾಜಿನ ಗೋಡೆ.

"ಕಲ್ಯಾಣಮಂಟಪ ಚೆಂದಾಗೈತೆ" ಅಂದೆ ನಾನು.

ನರ್ಸು ನಕ್ಕಳು. "ಅಜ್ಜೀ, ಕೆಳಗೆ ಬರ್ದಿದಾರೆ ನೋಡಿ, ಅದು ಟಾಯ್ಲೆಟ್ಟು. ನಾರ್ವೇಲಿ ರಸ್ತೆ ಪಕ್ಕ ಹಂಗೇ ಕಟ್ತಾರಂತೆ."

ನನ್ನ ನಾದಿನಿ ಮಲಗಿದ್ದಲ್ಲಿಂದ ಎದ್ದು ಕೂರಲು ಹೋದಳು, ಮೆಷಿನ್ನು ಕಿರುಚಿಕೊಂಡಿತು. ನರ್ಸು ಓಡಿ ಬಂದು ಬೈದು ಮಲಗಿಸಿದಳು. ಇವಳಿಗೆ ಅದು ಕಿವಿಗೇ ಬೀಳಲಿಲ್ಲ. "ರಸ್ತೆ ಪಕ್ಕಾನಾ? ಯಾರ್ ಬೇಕಾದ್ರೂ ಓಗಬೌದಾ? ಅತ್ಗೆ, ಅಲ್ಲಿಗೆ ಓಗನ."

ಹೀಗೆ ಶುರುವಾಯಿತು. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸುವ ಹಾಗಿಲ್ಲ, ಇನ್ನೊಂದು ಕೈಗೆ ಆಗಾಗ ಬೀಪಿ ಪಟ್ಟಿ ಸುತ್ತುತ್ತಾರೆ. ಅದಕ್ಕೇ ನನಗೆ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿ ಗುಮಾಸ್ತೆ ಮಾಡಿಕೊಂಡಳು. ಈ ವಯಸ್ಸಿನಲ್ಲಿ ನಾನು ಒಂದೇ ಬೆರಳಲ್ಲಿ ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ಕಬೇಕು, ಅವಳು ಮಲಗಿಕೊಂಡು ಅಪ್ಪಣೆ ಮಾಡಬೇಕು! "ಬರ್ಕೋ. ಬರ್ಗೆನ್ ಅನ್ನೋ ಊರು ಬಿಡದು ಬೆಳಿಗ್ಗೆ. ಮೊದ್ಲ ಸ್ಟೇಜಲ್ಲಿ ಟಾಯ್ಲೆಟ್ಟು. ಅಲ್ಲಿ ಎಲ್ರಿಗೂ ಇಳಿಯೋಕೆ ಟೈಮ್ ಕೊಡದು. ಅವಸ್ರ ಮಾಡಂಗಿಲ್ಲ."

"ಜಲಪಾತ ಯಾವಾಗ್ಲೇ?"

"ಆಮೇಲೆ. ಅದೇನು ಓಡೋಗ್ತದಾ?"

ಬೇಸಿಗೆಯಲ್ಲಿ ಆ ದೇಶದ ಮೇಲ್ಭಾಗದಲ್ಲಿ ಸೂರ್ಯ ಮುಳುಗುವುದೇ ಇಲ್ಲವಂತೆ. "ಅಂಗಾದ್ರೆ ದೇವ್ರಿಗೆ ದೀಪ ಅಚ್ಚೋದು ಯಾವಾಗ?" ಎಂದು ಕೇಳಿದೆ. "ಸೂರ್ಯನೇ ಅಲ್ಲಿ ಡಬಲ್ ಡ್ಯೂಟಿ ಮಾಡ್ತಾವ್ನೆ, ನಿನ್ ದೀಪ ಯಾವನಿಗೆ ಬೇಕು?" ಅಂದಳು.

ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ ಎಂದು ಗೊತ್ತಾದ ಮೇಲಂತೂ ನಮ್ಮ ಯಜಮಾನರ ಕಥೆ ಮುಗಿಯಿತು. ಗಂಟೆಗೆ ಎತ್ತಿನ ಗಾಡಿಯಷ್ಟು ದೂರ ಹೋಗುವ ಮನುಷ್ಯ ಅವರು. ಅವರನ್ನು ಊರಾಚೆಯ ಖಾಲಿ ರಸ್ತೆಗೆ ಎಬ್ಬಿಸಿಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕೂತು, "ಬಲಕ್ಕೆ ಅಣ್ಣ, ಬಲಕ್ಕೆ!" ಎಂದು ಪ್ರಾಕ್ಟೀಸು ಮಾಡಿಸಿದಳು. ಎದುರಿಗೆ ಹಾಲಿನ ವ್ಯಾನು ಬಂತು. ಅವನು ಬ್ರೇಕು ಹಾಕಿ ತಲೆ ಹೊರಗೆ ಹಾಕಿದ. "ಏನ್ ಯಜಮಾನ್ರೇ, ಸಾಯಾಕ್ ಒಂಟಿದೀರಾ?"

"ಇಲ್ಲ ಕಣಪ್ಪ, ನಾರ್ವೆಗೆ" ಅಂದಳು ಇವಳು ಹಿಂದಿನಿಂದ.

ಒಂದು ದಿನ ಅವಳು ಡಾಕ್ಟರನ್ನೇ ಹಿಡಿದುಕೊಂಡಳು. "ಸಾ, ಒಂದ್ ವಾರ ರಜಾ ಬೇಕಾಗಿತ್ತು."

ಡಾಕ್ಟರು ನಕ್ಕರು. ಅವಳು ನಗದೇ ಇದ್ದದ್ದನ್ನು ನೋಡಿ ನಿಲ್ಲಿಸಿದರು. ನನ್ನನ್ನೂ ಯಜಮಾನರನ್ನೂ ಹೊರಗೆ ಕರೆದು ಹೇಳಿದರು: ಅಲ್ಲಿಯೂ ಮೆಷಿನ್ನುಗಳಿವೆ, ಬೇರೆಯವರಾಗಿದ್ದರೆ ಹೋಗಿ ಬರಬಹುದಿತ್ತು. ಆದರೆ ಇವರ ಹೃದಯ ಬಹಳ ಸೋತಿದೆ. ವಿಮಾನದ ಮಾತೇ ಬೇಡ. ಇಲ್ಲಿನ ಡಯಾಲಿಸಿಸ್ಸಿನ ಒಂದೇ ಒಂದು ಪಾಳಿ ತಪ್ಪಿದರೂ ಕಷ್ಟ. ಅವರಿಗೆ ಹೇಳಿಬಿಡಿ.

ನಾವು ಒಳಗೆ ಬಂದೆವು. "ಏನಂದ್ರು?" ಅಂದಳು. ನಮ್ಮ ಯಜಮಾನರು ಫ್ಯಾನು ನೋಡತೊಡಗಿದರು. ನಾನು, "ಜೂನ್‌ನಾಗೆ ಬ್ಯಾಡ, ಆಗಸ್ಟ್‌ಗೆ ಓಗಿ ಅಂದ್ರು" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನೆಟ್ಟಗೆ ಒಂದ್ ಸುಳ್ಳು ಯೋಳಾಕೂ ಬರಲ್ಲ ನಿಂಗೆ. ಬರ್ಕೋ, ಎರಡ್ನೇ ದಿನ."

ಅಲ್ಲಿಂದ ಮುಂದೆ, ಹೋಗುವುದಿಲ್ಲವೆಂದು ಮೂವರಿಗೂ ಗೊತ್ತಿದ್ದೇ, ಪ್ಲಾನು ನಡೆಯಿತು. ಯಾಕೆಂದರೆ ಇನ್ನೊಂದು ವಿಷಯವೂ ನನಗೆ ಗೊತ್ತಾಗಿತ್ತು. ಪ್ಲಾನು ಶುರುವಾಗುವ ಮುಂಚೆ ಹಾಸನಕ್ಕೆ ಹೊರಡಿಸಲು ಅವಳ ಕೈಕಾಲು ಹಿಡಿಯಬೇಕಿತ್ತು. "ಸಾಕು ಬುಟ್ಬುಡ್ರೋ ನನ್ನ" ಎನ್ನುತ್ತಿದ್ದಳು. ಪ್ಲಾನು ಬಂದ ಮೇಲೆ ಅವಳೇ ಮೊದಲು ಓಮ್ನಿಯಲ್ಲಿ ಕೂತು ಹಾರ್ನು ಹೊಡೆಯುತ್ತಿದ್ದಳು. ಆ ದೇಶಕ್ಕೆ ಅವಳನ್ನು ಕರೆದುಕೊಂಡು ಹೋಗಲಾರೆವು, ನಿಜ. ಆದರೆ ಆ ದೇಶ ಅವಳನ್ನು ವಾರಕ್ಕೆ ಮೂರು ಸಲ ಹಾಸನಕ್ಕೆ ಕರೆದುಕೊಂಡು ಹೋಗುತ್ತಿತ್ತಲ್ಲ!

ಪಕ್ಕದ ಮಂಚದಲ್ಲಿ ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ಮಲಗುತ್ತಿದ್ದರು. ಇವಳ ಬಸ್ಸಿನಲ್ಲಿ ಓಡಾಡಿದವರೇ. ಒಂದು ದಿನ ಅವರು ಕೇಳಿದರು: "ಅಲ್ಲಿ ಮುದ್ದೆ ಸಿಗ್ತದೇನವ್ವಾ?"

"ರಾಗಿಹಿಟ್ಟು ಒತ್ಕಂಡೋಗದು ಗೌಡ್ರೇ. ನಮ್ಮತ್ಗೆ ತಿರುವ್ತಾಳೆ."

"ಅಂಗಾರೆ ನಂಗೊಂದು ಸೀಟು."

"ಇಂದ್ಗಡೆ ಕೊಡ್ತೀನಿ. ಬೀಡಿ ಸೇದಂಗಿಲ್ಲ."

"ಒಗೆಸೊಪ್ಪು ಬೆಳಿಯೋನ್ಗೆ ಬೀಡಿ ಬ್ಯಾಡ ಅಂತೀಯಲ್ಲ, ನೀನೇನು ಡಾಕುಟ್ರಾ?"

"ಕಂಡಕ್ಟ್ರು. ಡಾಕುಟ್ರು ಬೈದು ಬುಡ್ತಾರೆ, ನಾನು ನಡುರಸ್ತೇಲಿ ಇಳಿಸ್ಬುಡ್ತೀನಿ!"

ಅಂದಿನಿಂದ ಗೌಡರು ಬಂದು ಮಲಗಿದ ಕೂಡಲೇ, "ಗಾಡಿ ಎಲ್ಲಿಗ್ ಬಂತವ್ವಾ?" ಎಂದು ಕೇಳುವುದು. ಒಂದು ಸಲ ಇವಳು ಬೆಟ್ಟದೊಳಗೆ ಕೊರೆದ, ಮುಗಿಯುವುದೇ ಇಲ್ಲ ಅನ್ನಿಸುವಷ್ಟು ಉದ್ದದ ಸುರಂಗದ ವಿಷಯ ಹೇಳಿದಳು. ಗೌಡರು ಅವಳ ಕಡೆ ಕತ್ತು ತಿರುಗಿಸಿದರು.

"ಒಳಗೆ ಬೆಳಕೈತಾ?"

"ಮಧ್ಯ ಮಧ್ಯ ನೀಲಿ ಬೆಳಕು ಆಕವ್ರೆ. ಜನ ಎದುರ್ಕಬಾರ್ದು ಅಂತ."

"ಅಂಗಾದ್ರೆ ಸರಿ" ಅಂದರು ಗೌಡರು.

ಮುಂದಿನ ಪಾಳಿಗೆ ಹೋದಾಗ ಆ ಮಂಚದಲ್ಲಿ ಯಾರೋ ಹೊಸಬರಿದ್ದರು. ಇವಳು ನರ್ಸಿನ ಮುಖ ನೋಡಿದಳು. "ಭಾನುವಾರ ಹೋಗ್ಬಿಟ್ರು ಅಕ್ಕಾ" ಅಂದಳು ನರ್ಸು, ಟೇಪು ಹರಿಯುತ್ತಾ. ಅವತ್ತು ಇವಳು ಬರೆಸಲಿಲ್ಲ. ಮೆಷಿನ್ನಿನ ಕೊಳವೆಯಲ್ಲಿ ತನ್ನ ರಕ್ತ ಹೋಗಿ ಬರುವುದನ್ನು ನೋಡುತ್ತಾ ಮಲಗಿದ್ದಳು. ವಾಪಸ್ಸು ಬರುವಾಗ ಮೊಸಳೆಹೊಸಹಳ್ಳಿ ದಾಟಿದ ಮೇಲೆ ಒಂದೇ ಮಾತು ಆಡಿದಳು: "ಟ್ರಿಪ್ಪು ಕ್ಯಾನ್ಸಲ್ಲು."

ಅವಳ ಬಾಯಿಂದ ಆ ಮಾತು ಬಂದರೆ ಅದರ ತೂಕವೇ ಬೇರೆ. ಟ್ರಿಪ್ಪು ಕ್ಯಾನ್ಸಲ್ ಅಂದರೆ ಬಸ್ಸು ಹೊರಡುವುದಿಲ್ಲ, ಸ್ಟ್ಯಾಂಡಿನಲ್ಲಿ ನೀವು ಎಷ್ಟು ಕೂಗಾಡಿದರೂ ಅಷ್ಟೆ. ಮುಂದಿನ ಪಾಳಿಯ ದಿನ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಏಳವ್ವಾ, ಗಾಡಿ ಸ್ಟಾರ್ಟ್ ಮಾಡಿವ್ನಿ" ಅಂದರು. "ನೀ ಓಗಣ್ಣ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಓಮ್ನಿ ಅಂಗಳದಲ್ಲಿ ಗೊರಗೊರ ಅನ್ನುತ್ತಾ ನಿಂತಿತ್ತು. ಕೊನೆಗೆ ಅವರೇ ಹೋಗಿ ಕೀ ತಿರುಗಿಸಿ ಆಫ್ ಮಾಡಿದರು. ನನ್ನ ಎದೆಯೊಳಗೂ ಏನೋ ಆಫ್ ಆದ ಹಾಗಾಯಿತು.

ಮಾರನೆಯ ದಿನ ಕಾಲು ಊದಿ ಕಂಬವಾಗಿತ್ತು. ಮಲಗಿದರೆ ಉಸಿರು ಸಿಗುವುದಿಲ್ಲ, ದಿಂಬಿಗೆ ದಿಂಬು ಒಟ್ಟಿ ಒರಗಿಸಿದೆ. ಫೋನಿನಲ್ಲಿ ಡಾಕ್ಟರು, "ಈಗಲೇ ಕರೆದುಕೊಂಡು ಬನ್ನಿ, ಎಳೆದುಕೊಂಡಾದರೂ ಬನ್ನಿ" ಎಂದು ಕೂಗುತ್ತಿದ್ದರು. ಎಳೆಯುವುದು ಹೇಗೆ? ಸುಮ್ಮನೆ ಕೈ ಮುಟ್ಟಿದರೇ ಕೊಡವಿಬಿಡುತ್ತಿದ್ದಳು. "ನಿನ್ ಕಾಲಿಗ್ ಬೀಳ್ತೀನಿ ಕಣಮ್ಮಿ" ಅಂದೆ. "ಬೀಳು. ಆಮೇಲೆ ನಿನ್ನ ಎತ್ತೋರ್ಯಾರು?" ಅಂದಳು, ಗೋಡೆಗೇ.

ನಮ್ಮ ಯಜಮಾನರು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಅವರ ಬೆನ್ನು ಅಲ್ಲಾಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಅಳಲು ನನಗೂ ಬರುತ್ತದೆ, ಆದರೆ ಅದರಿಂದ ಅವಳು ಏಳುವವಳಲ್ಲ ಎಂದು ಗೊತ್ತಿತ್ತು. ಕನ್ನಡಕ ಹಾಕಿಕೊಂಡೆ. ಫೋನು ತೆಗೆದು ಅವಳ ಮಂಚದ ಮೇಲೆಯೇ ಕೂತು, ಜೋರಾಗಿ ಓದಿಕೊಳ್ಳುತ್ತಾ ಕುಕ್ಕತೊಡಗಿದೆ.

"ಕಂಡಕ್ಟ್ರು ರಜಾ ಆಕವ್ಳೆ. ಇನ್ಮೇಲೆ ಈ ಟ್ರಿಪ್ಪು ನಂದು. ಮೊದಲ್ನೇ ದಿನ: ಬರ್ಗೆನ್‌ನಾಗೆ ತಿಂಡಿ ತಿಂದ್ಕಂಡು ಒಂಟ್ರೆ, ಮಧ್ಯಾನ್ಕೆ ದೇಶದ ಆ ತುದಿ ಮುಟ್ಟಿ, ಸಂಜೆ ಕಾಫಿಗೆ ವಾಪಸ್ಸು."

ಅವಳು ಗೋಡೆಗೇ ಮುಖ ಮಾಡಿದ್ದಳು. ಉಸಿರು ಮಾತ್ರ ಗರಗರ ಎನ್ನುತ್ತಿತ್ತು. ನಾನು ಕುಕ್ಕುತ್ತಲೇ ಹೋದೆ.

"ಎರಡ್ನೇ ದಿನ: ಸಮುದ್ರ ಅಡ್ಡ ಬಂದ್ರೆ ಓಮ್ನೀನ ಅಂಗೇ ನೀರಿಗಿಳಿಸದು. ಆಳ ಇರಾಕಿಲ್ಲ."

ಹೆಗಲು ಒಂಚೂರು ಅಲ್ಲಾಡಿತೇ? ಅಥವಾ ಉಸಿರಾಟದ ಎಳೆತವೇ? ನೋಡದ ಹಾಗೆ ಮುಂದುವರಿಸಿದೆ.

"ಮೂರ್ನೇ ದಿನ: ಬೆಟ್ಟದ ಮೇಲಿನ ಗಾಟಿ ರಸ್ತೆ. ಇದನ್ನ ಡಿಸೆಂಬರ್‌ನಾಗೆ ಇಟ್ಕಂಡ್ರೆ ಜನ ಇರಾಕಿಲ್ಲ, ಆರಾಮಾಗೋಗಬೌದು."

ಮಂಚ ಕಿರ್ ಎಂದಿತು. ಅವಳು ಎರಡೂ ಕೈ ಊರಿ, ಉಸಿರಿಗೆ ಉಸಿರು ಕೂಡಿಸಿಕೊಂಡು ನನ್ನ ಕಡೆ ತಿರುಗಿದಳು. ಕಣ್ಣು ಊದಿ ಗೀರಿನ ಹಾಗಾಗಿತ್ತು, ಆದರೆ ಆ ಗೀರಿನೊಳಗೆ ಕೆಂಡವಿತ್ತು.

"ಡಿಸೆಂಬರ್‌ನಾಗೆ ಆ ರಸ್ತೇಗೆ ಗೇಟ್ ಆಕಿ ಮುಚ್ಚಿರ್ತಾರೆ ಕಣೆ! ಮನೆ ಎತ್ರ ಮಂಜು ಬಿದ್ದಿರ್ತದೆ! ಕೊಡಿಲ್ಲಿ ಫೋನು. ಅಣ್ಣಂಗೆ ಗಾಡಿ ತೆಗಿಯಾಕೇಳು, ಆಸ್ಪತ್ರೇಲೇ ಮಲಿಕ್ಕಂಡು ಇದನ್ನೆಲ್ಲ ಸರಿ ಮಾಡ್ತೀನಿ. ಕಿಡ್ನಿ ಓಗಿ ಸತ್ಲು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಅತ್ಗೆ ಪ್ಲಾನ್ ನಂಬ್ಕಂಡು ಸತ್ಲು ಅಂದ್ರೆ ನಗ್ತಾರೆ ಕಣೆ, ನಗ್ತಾರೆ!"