ರಕ್ಕಸನನ್ನು ಎಬ್ಬಿಸುವವರು ಯಾರು?

ಸತ್ತ ಮನುಷ್ಯನಿಗೆ ಹಸಿವೆಯಿಲ್ಲ, ಹಗೆಯಿಲ್ಲ, ಈ ಲೋಕದ ಯಾವ ಗೊಡವೆಯೂ ಇಲ್ಲ ಎಂದು ತಿಳಿದವರು ಬಹು ಗಂಭೀರವಾಗಿ ಹೇಳುತ್ತಾರೆ. ತಿಳಿದವರು ನಮ್ಮ ಕಾಕಾನ ಪಂಕ್ತಿಯಲ್ಲಿ ಊಟಕ್ಕೆ ಕೂತವರಲ್ಲ. ನಮ್ಮ ಕಾಕಾ ಸತ್ತ ಮೇಲೆ ವರ್ಷಗಟ್ಟಲೆ ನಮ್ಮ ಪಡಸಾಲೆಯಲ್ಲಿ ಕೂತು ಎರಡೂ ಹೊತ್ತು ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡ. ಹಗೆಯಂತೂ ಬದುಕಿದ್ದಾಗಿನದಕ್ಕಿಂತ ಚುರುಕಾಯಿತು!

ಗಾಬರಿಯಾಗಬೇಡಿ, ಇದು ದೆವ್ವದ ಕಥೆಯಲ್ಲ. ನಮ್ಮೂರು ಸಂಶಿಯಿಂದ ಬಸ್ಸಿನಲ್ಲಿ ಒಂದು ಕುಲುಕಾಟದಷ್ಟು ದೂರ. ನಮ್ಮಪ್ಪನ ತಮ್ಮನಾದ ಕಾಕಾ ವರ್ಷವಿಡೀ ಮೆಣಸಿನಕಾಯಿ ಬೆಳೆಯುತ್ತಿದ್ದ. ವರ್ಷಕ್ಕೊಮ್ಮೆ ಊರ ದೊಡ್ಡಾಟದಲ್ಲಿ ರಕ್ಕಸನಾಗುತ್ತಿದ್ದ. ಹಲ್ಲಿ ಕಂಡರೆ ಹೌಹಾರುವ, ಹೆಂಡತಿ ಕಾಕುನ ಎದುರು ಕೆಮ್ಮಲೂ ಅಂಜುವ ಈ ಮನುಷ್ಯ, ಭುಜಕೀರ್ತಿ ಕಟ್ಟಿ, ಮುಖಕ್ಕೆ ಕೆಂಪು ಬಳಿದು ರಂಗಕ್ಕೆ ಹಾರಿದನೆಂದರೆ ಮುಂದಿನ ಸಾಲಿನ ಕೂಸುಗಳೆಲ್ಲ ಏಕಕಾಲಕ್ಕೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದವು. ಕಾಕಾ ಇದನ್ನು ಪ್ರಶಸ್ತಿಯೆಂದು ಭಾವಿಸಿದ್ದ.

ರಕ್ಕಸನೆಂದ ಮೇಲೆ ಕೊಲ್ಲುವವನೊಬ್ಬ ಬೇಕಲ್ಲ? ಅವನು ಗಿರಣಿ ಅಪ್ಪಣ್ಣ. ಊರ ಹಿಟ್ಟಿನ ಗಿರಣಿಯ ಮಾಲಕ, ಕಾಕಾನ ಜೊತೆ ಗೋಲಿ ಆಡಿ ಬೆಳೆದವ, ಪ್ರತಿ ವರ್ಷದ ರಾಜ. ಕಥೆ ಯಾವುದೇ ಇರಲಿ, ಕೊನೆಗೆ ಬೆಳಗಿನ ಜಾವ ಅಪ್ಪಣ್ಣ ಕಾಕಾನನ್ನು ಕೊಲ್ಲಬೇಕು, ಕಾಕಾ ದಢಾರನೆ ಬೀಳಬೇಕು. ಆಮೇಲಿನದು ನಮ್ಮೂರಿನ ಪದ್ಧತಿ: ಬಿದ್ದವ ತಾನಾಗಿ ಏಳಕೂಡದು. ಮಂಗಳಾರತಿ ಆದ ಮೇಲೆ ಕೊಂದವನೇ ಬಂದು ಕೈಹಿಡಿದು ಎಬ್ಬಿಸಿ, ಬಾಯಿಗೆ ಬೆಲ್ಲದ ಚೂರು ಇಟ್ಟು, “ಏಳಪಾ, ಆಟ ಮುಗೀತು” ಅನ್ನಬೇಕು. ಅಲ್ಲಿಯವರೆಗೆ ಸತ್ತವ ಸತ್ತವನೇ. ಚಹಾ ಕೊಡುವ ಹಾಗಿಲ್ಲ, ಬಣ್ಣ ಒರೆಸುವ ಹಾಗಿಲ್ಲ. ಎಬ್ಬಿಸದೆ ಬಿಟ್ಟರೆ ಆಟದ ಹಗೆ ಮನೆಗೆ ಬರುತ್ತದೆಂದು ಹಿರಿಯರ ನಂಬಿಕೆ.

ಎಂಬತ್ತರ ದಶಕದ ನಡುವಿನ ಒಂದು ವರ್ಷ. ಬರುವ ವರ್ಷದಿಂದ ದೊಡ್ಡಾಟ ಬೇಡ, ಹುಬ್ಬಳ್ಳಿಯಿಂದ ವಿಡಿಯೋ ತರಿಸೋಣ ಎಂದು ಊರ ಪಡ್ಡೆಗಳು ಠರಾವು ಮಾಡಿದ್ದರು. ಇದೇ ಕೊನೆಯ ಸಾವು ಎಂದು ಗೊತ್ತಿದ್ದಾಗ ಯಾವ ಕಲಾವಿದ ಸುಲಭಕ್ಕೆ ಸಾಯುತ್ತಾನೆ ಹೇಳಿ? ಅಪ್ಪಣ್ಣ ಕತ್ತಿಯಿಂದ ಹೊಡೆದ. ಕಾಕಾ ಓಲಾಡಿದ, ಮತ್ತೆ ನೆಟ್ಟಗೆ ನಿಂತ. ಜನ ಶಿಳ್ಳೆ ಹಾಕಿದರು. ಮತ್ತೆ ಹೊಡೆದ. ಕಾಕಾ ಮೊಣಕಾಲೂರಿ ಒಂದು ಪದ ಹಾಡಿ, ಮತ್ತೆ ಎದ್ದ! ಹಿಮ್ಮೇಳದವರಿಗೆ ಏದುಸಿರು ಹತ್ತಿತು. “ಸಾಯಲೇ, ಬೆಳಕು ಹರೀತು!” ಎಂದು ಅಪ್ಪಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಊರಿಗೆ ಕೇಳಿತು. ಕಾಕಾ ಕೊನೆಯದಾಗಿ ಒಮ್ಮೆ ಗರ್ರನೆ ತಿರುಗಿ ಬೀಳುವಾಗ ಅವನ ಗದೆ ಅಪ್ಪಣ್ಣನ ಕಿರೀಟಕ್ಕೆ ತಗುಲಿತು. ಕಿರೀಟ ಉರುಳಿತು. ಊರಲ್ಲಿ ರುಮಾಲಿನಡಿ, ಆಟದಲ್ಲಿ ಕಿರೀಟದಡಿ ಇಷ್ಟು ವರ್ಷ ಗುಟ್ಟಾಗಿದ್ದ ಅಪ್ಪಣ್ಣನ ನುಣ್ಣನೆ ಬೋಳುತಲೆ ಉದಯಿಸುವ ಸೂರ್ಯನಿಗೆ ಮುಖಾಮುಖಿಯಾಯಿತು.

ಊರು ನಕ್ಕ ನಗೆಗೆ ಗುಡಿಯ ಪಾರಿವಾಳಗಳೆಲ್ಲ ಎದ್ದವು. ಅಪ್ಪಣ್ಣ ಕಿರೀಟವನ್ನು ಬಗಲಲ್ಲಿ ಇಟ್ಟುಕೊಂಡು ನೇರ ಮನೆಗೆ ನಡೆದ.

ಮಂಗಳಾರತಿ ಆಯಿತು. ಜನ ಚದುರಿದರು. ಕಾಕಾ ಬಿದ್ದೇ ಇದ್ದ. ಕಂಬಳಿ, ಗ್ಯಾಸ್ ಬತ್ತಿ ಎಲ್ಲ ಗಾಡಿಗೆ ಏರಿದವು, ಕಾಕಾ ಏರಲಿಲ್ಲ. ಬಿಸಿಲು ಮೇಲೆ ಬಂತು, ಕೆಂಪು ಬಣ್ಣ ಇಳಿಯಿತು, ನೊಣ ಕೂತಿತು. ಕೊನೆಗೆ ಕಾಕು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏಳ್ರಿ. ಎಮ್ಮಿ ಹಿಂಡೂದೈತಿ.”

“ನಾ ಸತ್ತೀನಿ. ಅಂವ ಬಂದು ಎಬ್ಬಸಲಿ.”

“ಸತ್ತಾವ್ರು ಮಾತಾಡಂಗಿಲ್ಲ. ಏಳ್ರಿ ಸುಮ್ನ!”

ಕಾಕಾ ಎದ್ದ. ಆದರೆ ಕಾಕುಗೆ ಅಂಜಿ ಎದ್ದದ್ದು ದೇಹ ಮಾತ್ರ, ಲೆಕ್ಕದ ಪ್ರಕಾರ ತಾನಿನ್ನೂ ರಂಗದ ಮೇಲೆ ಬಿದ್ದಿದ್ದೇನೆ ಎಂದು ಅಂದಿನಿಂದ ಸಾಧಿಸಿದ.

ಈ ಸಾವು ಅವನಿಗೆ ಎಷ್ಟು ಅನುಕೂಲವಾಯಿತು ಅನ್ನುತ್ತೀರಿ! ಮತ ಕೇಳಲು ಬಂದವರಿಗೆ ಕೈಮುಗಿದು, “ಸತ್ತಾವ್ರ ವೋಟು ನೀವು ಹ್ಯಾಂಗೂ ಹಾಕ್ಕೋತೀರಲ್ರಿ, ನನ್ನ ಯಾಕ ಕೇಳ್ತೀರಿ?” ಎಂದ. ಬೀಗರ ಮದುವೆಗೆ ಕರೆದರೆ, “ಶುಭಕಾರ್ಯಕ್ಕ ನಾ ಬಂದ್ರ ಛಲೋ ಅಲ್ರಿ” ಎಂದ. ಹೋಳಿಗೆ ಮಾಡಿದ್ದಾರೆಂದು ತಿಳಿದ ಮೇಲೆ, ಊಟಕ್ಕೆ ಅಡ್ಡಿಯಿಲ್ಲ ಎಂದು ತಿದ್ದುಪಡಿ ತಂದ.

ಅನುಕೂಲವಾಗದಿದ್ದುದು ಕಾಕುಗೆ. ಕೊಂದವನ ಗಿರಣಿಯ ಹಿಟ್ಟು ಉಣ್ಣಲಾರೆ ಎಂದು ಕಾಕಾ ಪಣ ತೊಟ್ಟಿದ್ದರಿಂದ, ಕೂಗಳತೆಯ ಗಿರಣಿ ಬಿಟ್ಟು ಅವಳು ಜೋಳದ ಬುಟ್ಟಿ ಹೊತ್ತು ಸಂಶಿಯ ಬಸ್ಸು ಹತ್ತಬೇಕಾಯಿತು. ಸಂಶಿಯ ಗಿರಣಿಯವ ದಪ್ಪ ಬೀಸುತ್ತಿದ್ದ. ರೊಟ್ಟಿ ಬಡಿಯುವಾಗಲೇ ಹರಿಯುತ್ತಿತ್ತು. “ಸತ್ತಾವ್ರು ಇವರು, ಸಾಯಾಕ ಹತ್ತಿದಾಕಿ ನಾನು” ಎಂದು ಕಾಕು ಹರಿದ ರೊಟ್ಟಿಯನ್ನು ತಟ್ಟೆಗೆ ಎಸೆಯುತ್ತಿದ್ದಳು. ಕಾಕಾ ತುಂಡುಗಳನ್ನು ಜೋಡಿಸಿ ತಿನ್ನುತ್ತಿದ್ದ.

ನಾನು ಆಗ ಸಂಶಿಯ ಸೊಸೈಟಿಯಲ್ಲಿ ಗುಮಾಸ್ತ. ದಿನಾ ಬಸ್ಸಿಗೆ ಹೋಗುವಾಗ ಅಪ್ಪಣ್ಣ ಗಿರಣಿಯ ಬಾಗಿಲಿಂದ ಕೂಗುತ್ತಿದ್ದ.

“ಏನ್ರೀ ಸಾಹೇಬ್ರ, ಹ್ಯಾಂಗದಾನ ನಿಮ್ಮ ಸತ್ತಾಂವ?”

“ಅರಾಮ ಅದಾನ್ರಿ. ಬಂದು ಎಬ್ಬಸಬಾರದ?”

“ನಾ ಈಗೂ ತಯಾರದೀನಿ! ಅಂವ ಮೊದ್ಲ ಒಮ್ಮೆ ಸರಿಯಾಗಿ ಸಾಯ್ಲಿ. ಅರ್ಧಾಮರ್ಧಾ ಸತ್ತಾಂವನ್ನ ಹ್ಯಾಂಗ ಎಬ್ಬಸೂದು? ತಪ್ಪಾತು ಅನ್ನಲಿ, ಬರ್ತೀನಿ.”

ಕಾಕಾನಿಗೆ ತಲುಪಿಸಿದೆ. ಅವನು ರೊಟ್ಟಿ ಮುರಿಯುತ್ತ, “ಸತ್ತಾಂವ ತಪ್ಪಾತು ಅಂತ ಹ್ಯಾಂಗ ಅನ್ನಬೇಕೋ?” ಎಂದ. ವಾದದಲ್ಲಿ ಲೋಪವಿರಲಿಲ್ಲ.

ಹೀಗಿರುವಾಗ ಸಂಶಿಯ ಸೈಕಲ್ ಅಂಗಡಿಯವ ಹುಬ್ಬಳ್ಳಿಯಿಂದ ಹಳೆಯ ವಿಡಿಯೋ ಗೇಮಿನ ಡಬ್ಬಿಯೊಂದನ್ನು ತಂದು ಹಿಂದಿನ ತಗಡಿನ ಕೋಣೆಯಲ್ಲಿ ನಿಲ್ಲಿಸಿದ. ಸಂತೆಗೆ ಮೆಣಸಿನಕಾಯಿ ತಂದಿದ್ದ ಕಾಕಾ ಢಂ ಢಂ ಸದ್ದು ಕೇಳಿ ಒಳಗೆ ಇಣುಕಿದ. ಗಾಜಿನಲ್ಲಿ ಒಬ್ಬ ನೀಲಿ ಅಂಗಿಯ ವೀರ ಕಪ್ಪೆಯ ಹಾಗೆ ಜಿಗಿಯುತ್ತಿದ್ದ. ಅವನ ಎದುರು ಕರೇ ಕೋಟು, ಗಿರಿಜಾ ಮೀಸೆಯ ಖಳ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಕಾಕಾನ ಕಣ್ಣು ಅರಳಿತು. “ನಿಂತಾನ ನೋಡೋ! ನಿಲ್ಲೂದು ಅಂದ್ರ ಹಿಂಗ!” ಎಂದು ಜೊತೆಗಿದ್ದ ನನ್ನ ತೋಳು ಹಿಂಡಿದ.

ಖಳ ಏಟು ತಿಂದು ಬಿದ್ದ. ಗಾಜು ಕಪ್ಪಾಯಿತು.

“ಮುಗೀತ? ಎಬ್ಬಸಾವ್ರು ಯಾರು?” ಎಂದ ಕಾಕಾ.

“ಯಾರೂ ಇಲ್ರಿ. ಇನ್ನೊಂದು ನಾಣ್ಯ ಹಾಕಿದ್ರ ತಾನ ಏಳ್ತಾನ್ರಿ” ಎಂದ ಅಂಗಡಿಯವ.

“ತಾನ ಏಳ್ತಾನ? ಮರ್ಯಾದಿ ಇಲ್ಲದ ಆಟ!” ಕಾಕಾ ಸಿಟ್ಟಿನಿಂದ ಹೊರಬಿದ್ದ. ಮುಂದಿನ ಸಂತೆಗೆ ಎಲ್ಲರಿಗಿಂತ ಮೊದಲು ಬಂದು ಕೂತ.

ಅಂದಿನಿಂದ ಆ ಮೀಸೆಯವ ‘ನಮ್ಮಾಂವ’ ಆದ. ಕಾಕಾ ಆಡುತ್ತಿರಲಿಲ್ಲ, ಖುರ್ಚಿ ಹಾಕಿಕೊಂಡು ನಮ್ಮಾಂವನ ಪರವಾಗಿ ಕೂತಿರುತ್ತಿದ್ದ. ಆಡುವ ಹುಡುಗರಿಗೆ, “ಲೇ, ಬೆನ್ನಿಗೆ ಹೊಡಿಬ್ಯಾಡ, ಎದುರಿಗೆ ಬಾ!” “ಅಂವ ಇನ್ನೂ ಪೂರ್ತಿ ನಕ್ಕಿಲ್ಲ, ನಗಾಕ ಬಿಡಲೇ!” ಎಂದು ಶಾಸ್ತ್ರ ಹೇಳುತ್ತಿದ್ದ. ನಮ್ಮಾಂವ ಗೆದ್ದ ದಿನ ಇಡೀ ಕೋಣೆಗೆ ಚುರುಮುರಿ.

ಮರುವರ್ಷ ಅಂಗಡಿಯವ ಡಬ್ಬಿಯ ಒಳಭಾಗ ಬದಲಾಯಿಸಿ ಎರಡನೆಯ ಭಾಗ ಹಾಕಿಸಿದ. ಕರೇ ಕೋಟಿನ ಬದಲು ಕೆಂಪು ಕೋಟು, ಮೀಸೆ ಅದೇ! ಕಾಕಾ ಎದ್ದು ನಿಂತು, “ಬಂದ! ನಮ್ಮಾಂವ ಬಂದ!” ಎಂದು ಕೂಗಿದ್ದಕ್ಕೆ ಸಂತೆಯ ಜನ ಮಂತ್ರಿಗಳು ಬಂದರೆಂದು ಓಡಿಬಂದರು. ಮೂರನೆಯ ಭಾಗದಲ್ಲಿ ನಮ್ಮಾಂವನ ತಲೆಗೆ ಕಬ್ಬಿಣದ ಟೊಪ್ಪಿಗೆ ಬಂತು. ಪ್ರತಿ ಭಾಗದ ಕೊನೆಗೂ ಸಾಯುತ್ತಾನೆ, ಮುಂದಿನ ಭಾಗಕ್ಕೆ ಮೀಸೆ ತಿರುವುತ್ತ ಹಾಜರು.

ಮೂರನೆಯ ಭಾಗ ಕಂಡ ದಿನ ಬಸ್ಸಿನಲ್ಲಿ ಕಾಕಾ ನನ್ನ ಪಕ್ಕ ಬಂದು ಕೂತ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದ:

“ಆ ದೇಶದಾಗ ಯಾರೋ ಪುಣ್ಯಾತ್ಮ ಅದಾನೋ. ನಾವ್ಯಾರೂ ಇಲ್ಲದಾಗ ಕೈಹಿಡದ ಎಬ್ಬಸ್ತಾನ. ಇಲ್ಲಂದ್ರ ಇಂವ ಹ್ಯಾಂಗ ಮತ್ತ ಬರ್ತಿದ್ದ?”

ನನಗೆ ನಗು ಬರಲಿಲ್ಲ. ಮರುದಿನ ಬೆಳಿಗ್ಗೆ ಗಿರಣಿಗೆ ಹೋಗಿ ಈ ಮಾತನ್ನು ಅಪ್ಪಣ್ಣನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟ. “ಬರೂ ಸಂತಿಗೆ ಗಿರಣಿ ಬೆಲ್ಟು ತರೂದೈತಿ. ಆ ಕಡೆ ಬಂದ್ರ ಬಂದೆ” ಎಂದ. ಬೆಲ್ಟು ಹೊಸದೇ ಇತ್ತು.

ಬಂದ. ಕೈಚೀಲದಲ್ಲಿ ಬೆಲ್ಟಿರಲಿಲ್ಲ, ಬೆಲ್ಲದ ಹೆಂಟೆಯಿತ್ತು. ಮೂರನೆಯ ಭಾಗದಲ್ಲಿ ಇಬ್ಬರು ಕೂಡಿ ಆಡಬಹುದಿತ್ತು; ಒಬ್ಬ ವೀರ, ಇನ್ನೊಬ್ಬ ಖಳ. ಹುಡುಗರು ಜಾಗ ಬಿಟ್ಟರು. ಕಾಕಾ ಖಳನ ಗುಂಡಿಗಳ ಮುಂದೆ ನಿಂತು, ಅಪ್ಪಣ್ಣನ ಕಡೆ ನೋಡದೆ, ನನಗೆ ಹೇಳಿದ: “ಹೇಳೋ ಅಂವಗ. ಈ ಸಲ ಅಗದಿ ಸರಿಯಾಗಿ ಸಾಯ್ತೀನಿ ಅಂತ.”

ಆಟ ಶುರುವಾಯಿತು. ನಮ್ಮಾಂವ ಎದೆಯುಬ್ಬಿಸಿ, ಕೊಲ್ಲು ಎಂದು ನಿಂತುಬಿಟ್ಟ. ಆದರೆ ಅಪ್ಪಣ್ಣನ ವೀರನಿಗೆ ಕೊಲ್ಲಲು ಬರಬೇಕಲ್ಲ! ಜಿಗಿದ, ತಾನೇ ಹೊಂಡಕ್ಕೆ ಬಿದ್ದ. ಮತ್ತೆ ಬಂದ, ಹಿಂದಕ್ಕೆ ಓಡಿದ, ಗೋಡೆಗೆ ಹಾಯ್ದ.

“ಹೊಡಿಯೋ ಮಾರಾಯಾ!” ಕಾಕಾ ಕೂಗಿದ. ವರ್ಷಗಳ ನಂತರ ಅಪ್ಪಣ್ಣನಿಗೆ ಆಡಿದ ಮೊದಲ ಮಾತು.

“ಎಲ್ಲಿ ಒತ್ತಬೇಕಲೇ?”

“ಕೆಂಪು ಗುಂಡಿ! ಕೆಂಪು ಗುಂಡಿ ಒತ್ತು! ಇಷ್ಟು ವರ್ಷ ಕೊಂದೀ, ಇನ್ನೂ ಕಲಿಲಿಲ್ಲ ನೋಡು!”

“ನೀ ಸುಮ್ನ ನಿಂದ್ರು. ಅಳ್ಳಾಡಬ್ಯಾಡ!”

“ಅಳ್ಳಾಡಿಲ್ಲೋ, ನಿಂತೀನಿ!”

ಏಟು ಬೀಳತೊಡಗಿತು. ನಮ್ಮಾಂವನ ಜೀವದ ಪಟ್ಟಿ ಸಣ್ಣದಾಗುತ್ತ ಬಂತು. ಅಪ್ಪಣ್ಣನ ಎಡಗೈ ಆಗಲೇ ಕೈಚೀಲದೊಳಗೆ ಬೆಲ್ಲ ಮುರಿಯುತ್ತಿತ್ತು. ಇನ್ನೊಂದೇ ಏಟು. ಅಷ್ಟರಲ್ಲಿ ಕರೆಂಟು ಹೋಯಿತು.

ತಗಡಿನ ಕೋಣೆ ಮಬ್ಬಾಯಿತು. “ಇನ್ನ ಸಂಜಿಗೇ ಬರೂದ್ರಿ” ಎಂದ ಅಂಗಡಿಯವ. ಅಪ್ಪಣ್ಣ ಬೆಲ್ಲದ ಚೂರು ಹಿಡಿದೇ ಕೈ ಮುಂದೆ ಚಾಚಿದ. ಕಾಕಾ ಆ ಕೈಯನ್ನು ನೋಡಿದ. ಅವನ ಕೈಯೂ ಅರ್ಧ ಮೇಲೆದ್ದಿತು.

“ಬ್ಯಾಡ” ಎಂದ ಕಾಕಾ. “ಅಂವ ಇನ್ನೂ ಸತ್ತಿಲ್ಲ. ಅರ್ಧಕ್ಕ ಎಬ್ಬಸೂದು ಪದ್ಧತಿ ಅಲ್ಲ. ಬರೂ ಸಂತಿಗೆ ನೋಡೂಣು.”

“ಹೌದು. ಪದ್ಧತಿ ಅಂದ್ರ ಪದ್ಧತಿ” ಎಂದು ಅಪ್ಪಣ್ಣ ಬೆಲ್ಲವನ್ನು ಚೀಲಕ್ಕೆ ಹಾಕಿದ. ಜಗತ್ತಿನಲ್ಲಿ ಇಷ್ಟು ನಿಷ್ಠಾವಂತ ಮೂರ್ಖರು ಇಬ್ಬರೇ ಇದ್ದರು. ಇಬ್ಬರೂ ನಮ್ಮೂರಿನವರೇ ಆಗಬೇಕೆ? ಒಂದೇ ಬಸ್ಸಿನಲ್ಲಿ ಬಂದರು. ಕಾಕಾ ಮುಂದೆ, ಅಪ್ಪಣ್ಣ ಹಿಂದೆ.

ಮುಂದಿನ ಸಂತೆ ಬರುವ ಮೊದಲೇ ಒಂದು ಬೆಳಿಗ್ಗೆ, ಕಣದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಕಾಕಾ ಹಾಗೇ ಕೆಂಪಿನ ಮೇಲೆ ಒರಗಿದ. ಬಾಜುಕಿನ ಕಣದವರು ಆಟ ಹೂಡಿದ್ದಾನೆಂದು ಸ್ವಲ್ಪ ಹೊತ್ತು ನಕ್ಕರಂತೆ. ಈ ಸಲ ಅವನು ಓಲಾಡಲಿಲ್ಲ, ಪದ ಹಾಡಲಿಲ್ಲ, ಮತ್ತೆ ಎದ್ದು ನಿಲ್ಲಲಿಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸಿ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕುಳ್ಳಿರಿಸುತ್ತೇವೆ. ಮಣ್ಣಿಗೂ ಕೂತೇ ಹೋಗಬೇಕು. ಪಡಸಾಲೆಗೆ ತಂದಿದ್ದ ಕಾಕಾನನ್ನು ಎತ್ತಿ ಕುಳ್ಳಿರಿಸಲು ನಮ್ಮಪ್ಪ ಮತ್ತು ನಾನು ಬಗ್ಗಿದ್ದೆವು. ಆಗ ಗಿರಣಿಯ ಸದ್ದು ನಿಂತಿತು. ಅದು ಬೆಳಗಿನ ಹೊತ್ತು ಎಂದೂ ನಿಂತದ್ದಿಲ್ಲ.

ಅಪ್ಪಣ್ಣ ಹುಬ್ಬು, ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡೇ ಬಂದ. ತಲೆಯ ಮೇಲೆ ರುಮಾಲಿರಲಿಲ್ಲ. ನಮ್ಮಿಬ್ಬರನ್ನೂ ಕೈಸನ್ನೆಯಿಂದ ಹಿಂದೆ ಸರಿಸಿದ. ಮೊಣಕಾಲೂರಿ ಕೂತು, ಕಾಕಾನ ಕೈಯನ್ನು ಎರಡೂ ಕೈಯಿಂದ ಹಿಡಿದ.

“ಏಳಪಾ” ಎಂದ. ಮುಂದಿನ ಮಾತು ಅವನಿಗೆ ಬರಲಿಲ್ಲ. ಪ್ರತಿ ವರ್ಷ ಹೇಳಿದ ಮಾತೇ.

ಹಾಗೇ ಕೈಹಿಡಿದು, ಬೆನ್ನಿಗೆ ತೋಳು ಕೊಟ್ಟು, ಮೆಲ್ಲಗೆ ಎಬ್ಬಿಸಿ ಕುಳ್ಳಿರಿಸಿದ. ಅಂಗಿಯ ಕಿಸೆಯಿಂದ ಬೆಲ್ಲದ ಚೂರು ತೆಗೆದು ತುಟಿಗೆ ಇಟ್ಟ. ಕಾಕು ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು.

ದಿನಕರ್ಮಗಳು ಮುಗಿದ ಮೇಲೆ ಕಾಕು ಜೋಳದ ಬುಟ್ಟಿ ಹೊತ್ತು ಅಪ್ಪಣ್ಣನ ಗಿರಣಿಗೆ ಹೋದಳು. ಹಿಟ್ಟು ಸಣ್ಣಗೆ ಬಂದಿತ್ತು. ಅಂದು ರೊಟ್ಟಿ ಹರಿಯಲಿಲ್ಲ.