ಸುಮ್ಮನೆ ನಿಂತಾಗ ಎಷ್ಟು ತಿನ್ನುತ್ತದೆ?

ಹತ್ತರಲ್ಲಿ ಒಂದನ್ನು ಆರಿಸಿಕೋ ಎಂದರೆ ನನಗೆ ಜ್ವರ ಬಂದಂತಾಗುತ್ತದೆ. ಬೆಂಗಳೂರಿನಿಂದ ಬರುವ ಬಸ್ಸು ಹಿರೀಸಾವೆಯಲ್ಲಿ ತಿಂಡಿಗೆ ನಿಲ್ಲುತ್ತದಲ್ಲ, ಅಲ್ಲಿ ಹೋಟೆಲಿನ ಗೋಡೆಯ ಪಟ್ಟಿಯನ್ನು ನಾನು ಮೇಲಿನಿಂದ ಕೆಳಕ್ಕೊಮ್ಮೆ, ಕೆಳಗಿನಿಂದ ಮೇಲಕ್ಕೊಮ್ಮೆ ಓದಿ ಮುಗಿಸುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿರುತ್ತಾರೆ. ಆಮೇಲೆ ಹಾಸನದವರೆಗೆ ಉಪವಾಸ. ಹೊಟ್ಟೆಪಾಡಿಗೆ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಬೇಕುಗಳು ಅಪಾರ, ಸಾಧನಗಳು ಮಿತ, ಆದ್ದರಿಂದ ಮನುಷ್ಯ ಆಯ್ಕೆ ಮಾಡಲೇಬೇಕು ಎಂಬುದು ಅದರ ಮೊದಲ ಪಾಠ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಮಕ್ಕಳಿಗೆ ಅರ್ಥವಾಗಿದೆ.

ಇಂಥವನು ರೋಬೋಟ್ ಮಾಡಲು ಹೊರಟದ್ದಕ್ಕೆ ಕಾರಣ ಕಾಗೆ. ಪ್ರತಿ ಬೇಸಿಗೆಯಲ್ಲೂ ನನ್ನ ಹೆಂಡತಿ ಸರೋಜ ಹಾಸನದ ನಮ್ಮ ಮನೆಯ ತಾರಸಿಯ ಮೇಲೆ ಸಂಡಿಗೆ ಇಡುತ್ತಾಳೆ, ನಾನು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕಾಯುತ್ತೇನೆ. ಈ ವರ್ಷ ಅರಕಲಗೂಡಿನಲ್ಲಿ ಅವಳ ತಂಗಿಯ ಮಗಳ ಮದುವೆ. ಸಂಡಿಗೆ ನನ್ನದು ಎಂದು ಸರೋಜ ನೆಂಟರೆಲ್ಲರ ಎದುರು ಒಪ್ಪಿಕೊಂಡು ಬಂದಿದ್ದಳು. "ಈ ಸಲ ಕಾಯೋಕೆ ರೋಬೋಟ್ ಇರುತ್ತೆ, ಎಷ್ಟು ಬೇಕಾದ್ರೂ ಇಡು" ಎಂದು ನಾನು ಮಾತು ಕೊಟ್ಟೆ. ಅವಳು ನಂಬಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನಂಬಿದಳಲ್ಲ ಎಂದು ನನಗೇ ಸಂಕಟವಾಯಿತು.

ನಾಲ್ಕು ಚಕ್ರ, ಪ್ಲಾಸ್ಟಿಕ್ ಡಬ್ಬಿಯ ಮೈ, ಕಪ್ಪು ಬಟ್ಟೆ ಕಟ್ಟಿದ ಕೋಲನ್ನು ಎತ್ತುವ ಒಂದು ಕೈ, ಬ್ಯಾಟರಿ, ಎಲ್ಲವೂ ವಾರದಲ್ಲಿ ಸಿದ್ಧವಾದವು. ಉಳಿದದ್ದು ಮಿದುಳು, ಅಂದರೆ ಡಬ್ಬಿಯೊಳಗೆ ಕೂರುವ ಪುಟ್ಟ ಕಂಪ್ಯೂಟರು. ಒಂದು ಕಂಪ್ಯೂಟರು ಕ್ಯಾಮೆರಾದಲ್ಲಿ ನೋಡಿ ಇದು ಕಾಗೆ, ಇದು ಪಾರಿವಾಳ ಎಂದು ಗುರುತಿಸುವಷ್ಟು ಜಾಣ, ಆದರೆ ಬ್ಯಾಟರಿಯನ್ನು ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಇನ್ನೊಂದು ಬೆಂಕಿಪೊಟ್ಟಣದಷ್ಟಿದೆ, ಕರೆಂಟು ಸಾಕಷ್ಟು ಉಳಿಸುತ್ತದೆ, ಆದರೆ ಅದಕ್ಕೆ ಕಾಗೆಗೂ ಸರೋಜಳಿಗೂ ವ್ಯತ್ಯಾಸ ಗೊತ್ತಾಗದು. ಇವೆರಡರ ನಡುವೆ ಇನ್ನೂ ಒಂಬತ್ತು. ವೇಗ, ಮೆಮೊರಿ, ತೂಕ, ಓಡುವಾಗ ಎಳೆಯುವ ಕರೆಂಟು ಎಂದು ನಾನು ಹದಿನಾಲ್ಕು ಕಾಲಮ್ಮಿನ ಪಟ್ಟಿ ಮಾಡಿದೆ. ಪಟ್ಟಿ ಬಹಳ ಚೆನ್ನಾಗಿ ಬಂತು. ಮೂರು ವಾರವಾದರೂ ಆಯ್ಕೆ ಮಾತ್ರ ಆಗಲಿಲ್ಲ. ಅಷ್ಟರಲ್ಲಿ ಸರೋಜ ಮೊದಲ ಕಂತಿನ ಸಂಡಿಗೆ ಇಟ್ಟಳು. ನಾನು ಕೆಳಗೆ ಹದಿನೈದನೆಯ ಕಾಲಮ್ ಎಳೆಯುತ್ತಿದ್ದಾಗ ಕಾಗೆಗಳು ಬಂದು ಮುಗಿಸಿಕೊಂಡು ಹೋದವು. ಅವಳು ಖಾಲಿ ಪ್ಲಾಸ್ಟಿಕ್ ಹಾಳೆಯನ್ನು ಮಡಿಸಿ ತಂದು ನನ್ನ ಪಟ್ಟಿಯ ಮೇಲೆ ಇಟ್ಟಳು. ನಾಚಿಕೆಯಿಂದ ಅವತ್ತು ನಾನು ಕಾಫಿಯನ್ನೂ ಕೇಳಲಿಲ್ಲ.

ಮದುವೆಗೆ ಹದಿನೈದು ದಿನ ಉಳಿದಿತ್ತು. ಎರಡನೆಯ ಕಂತಿಗೆಂದು ಬೂದುಗುಂಬಳಕಾಯಿ ಹೊತ್ತುಕೊಂಡು ಸಾಲಗಾಮೆಯಿಂದ ಮಾವನವರು ಬಂದರು. ಆ ಊರಿನವರು ಎತ್ತು ಕೊಳ್ಳಲು ಹೋಗುವಾಗ ಇವರನ್ನು ಕರೆದುಕೊಂಡೇ ಹೋಗುತ್ತಾರೆ. ನನ್ನ ಕಷ್ಟ ಕೇಳಿ, ಕನ್ನಡಕ ಹಾಕಿಕೊಂಡು, ಪಟ್ಟಿಯ ಮೇಲೆ ಬೆರಳಾಡಿಸಿದರು.

"ಎಲ್ಲಾ ಬರ್ದಿದ್ದೀರಿ ಅಳಿಯಂದ್ರೇ. ಸುಮ್ಕೆ ನಿಂತಾಗ ಎಷ್ಟು ತಿಂತದೆ, ಅದೆಲ್ಲೈತೆ?"

ಅದು ಇರಲಿಲ್ಲ.

"ಎತ್ತು ಉಳೋದು ವರ್ಸದಾಗೆ ಎಷ್ಟು ದಿನ? ಮಿಕ್ಕಿದ್ದೆಲ್ಲಾ ಕೊಟ್ಗೇಲಿ ನಿಂತ್ಕಂಡೇ ತಿನ್ನೋದು. ಮಾರೋನ ಮಾತೂ ನಂಬ್ಬ್ಯಾಡಿ. ಮನೇಲಿ ಒಟ್ಟೆ ಬಿರಿಯಂಗೆ ಮೇಯ್ಸಿ ಸಂತೆಗೆ ತತ್ತಾರೆ. ಅಲ್ಲಿ ಉಲ್ಲು ಆಕುದ್ರೆ ಮೂಸೂ ನೋಡಾಕಿಲ್ಲ. ಕಮ್ಮಿ ತಿಂತದೆ ಅನ್ಕಂಡು ನಾವು ಇಡ್ಕಂಡ್ ಬತ್ತೀವಿ."

ಹುಡುಕಿ ನೋಡಿದೆ. ಆ ಜಾಣ ಕಂಪ್ಯೂಟರು ಏನೂ ಮಾಡದೆ ನಿಂತಾಗಲೂ ಓಡುವಾಗಿನ ಅರ್ಧದಷ್ಟು ತಿನ್ನುತ್ತಿತ್ತು. ಬೆಂಕಿಪೊಟ್ಟಣದ್ದು ನಿದ್ದೆ ಮಾಡುತ್ತಿದ್ದು, ಎದುರಿಗೆ ಏನಾದರೂ ಅಲುಗಿದರೆ ಮಾತ್ರ ಏಳುವಂಥದ್ದು. ಕಾಗೆ ದಿನವಿಡೀ ಬರುವುದಿಲ್ಲವಲ್ಲ. ಐದು ನಿಮಿಷದಲ್ಲಿ ಆರ್ಡರ್ ಹಾಕಿದೆ. ನನ್ನ ಜೀವನದಲ್ಲಿ ಇಷ್ಟು ಬೇಗ ಮಾಡಿದ ಆಯ್ಕೆ ಇದೊಂದೇ, ಅದನ್ನೂ ಮಾಡಿದವರು ಮಾವನವರು.

ನಾಲ್ಕು ದಿನಕ್ಕೆ ಬಂತು. ಅದನ್ನು ಡಬ್ಬಿಯೊಳಗೆ ಕೂರಿಸಿದ ಮೇಲೆ ರೋಬೋಟ್ ತಾರಸಿಯ ಮೇಲೆ ಮಲಗಿತು, ಕಾಗೆ ಬಂದರೆ ಎದ್ದು ನಾಲ್ಕಡಿ ಓಡಿ ಕೋಲೆತ್ತಿತು, ಮತ್ತೆ ಮಲಗಿತು. ಸಂಡಿಗೆ ಮಗುಚಲು ಹೋದ ಸರೋಜಳಿಗೂ ಕೋಲೆತ್ತಿತು. ಅವಳು ಹಿಂದಿನಿಂದ ಹೋಗಿ ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟು ಕೆಲಸ ಮುಗಿಸಿದಳು. ಮೂರನೆಯ ದಿನ ಒಂದು ಸಂಡಿಗೆ ಮುರಿದು, ಅದರ ಸದ್ದು ಕೇಳಿ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

ಅವತ್ತೇ ಮಧ್ಯಾಹ್ನ ಮಾವನವರು ರೋಬೋಟ್ ನೋಡಲೆಂದು ಬಂದರು, ಊಟಕ್ಕೆ ಕೂತೆವು. ಸಂಡಿಗೆಯ ಕಾಲದಲ್ಲಿ ನಾನು ಮನೆಯೊಳಗೆ ನೆಮ್ಮದಿಯಾಗಿ ಉಂಡದ್ದು ಅದೇ ಮೊದಲು. ಮೂರನೆಯ ಮುದ್ದೆಗೆ ತಟ್ಟೆ ಒಡ್ಡಿದಾಗ ಸರೋಜ ಮುದ್ದೆಯನ್ನು ಕೈಯಲ್ಲೇ ಹಿಡಿದು ನಿಂತಳು.

"ಸುಮ್ನೆ ನಿಂತಾಗ ಎಷ್ಟು ತಿನ್ನುತ್ತೆ ನೋಡ್ಬೇಕು ಅಂತ ಇವರಿಗೆ ಹೇಳ್ಕೊಟ್ಯಲ್ಲಪ್ಪ. ನಂಗೆ ಗಂಡು ನೋಡೋವಾಗ ಆ ಬುದ್ಧಿ ಎಲ್ಲಿ ಹೋಗಿತ್ತು?"

"ನೋಡ್ದೆ ಇರ್ತೀನೇನವ್ವಾ? ಅವತ್ತು ಎಲ್ಡು ಚಮಚ ಉಪ್ಪಿಟ್ಟು ತಿಂದು ಸಾಕು ಅಂದ್ಬುಟ್ರು. ನಾನೂ ನಂಬ್ಬುಟ್ಟೆ ಕಣವ್ವಾ."

ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಅವತ್ತು ಹೊಳೆನರಸೀಪುರದ ನಮ್ಮ ಮನೆಯಿಂದ ಹೊರಡುವ ಮೊದಲು, ಹೆಣ್ಣಿನ ಮನೆಯಲ್ಲಿ ಹೊಟ್ಟೆಬಾಕನಂತೆ ಕಾಣಬಾರದೆಂದು ನಮ್ಮಮ್ಮ ಎದುರಿಗೇ ಕೂತು ನನಗೆ ಎಂಟು ದೋಸೆ ತಿನ್ನಿಸಿ ಕಳಿಸಿದ್ದರು.