ಭತ್ತದ ತಕ್ಕಡಿಯಲ್ಲಿ ತಂಗಿಯ ತೂಕ

ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಹಾಗಿಲ್ಲ. ಟಿ. ನರಸೀಪುರದ ಒಂದು ರೈಸ್ ಮಿಲ್ಲಿನಲ್ಲಿ ಆರು ವರ್ಷದಿಂದ ಭತ್ತ ತೂಗುತ್ತಿದ್ದೇನೆ. ಮೂಟೆ ಲಾರಿಯಿಂದ ಇಳಿಯುವಾಗಲೇ ಎಷ್ಟು ಕೇಜಿ ಅಂತ ಹೇಳಬಲ್ಲೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಡಿಗ್ರಿ ಬೇಕಾ? ಹಾಗಾಗಿ ನನ್ನ ತಂಗಿ ಚೈತ್ರಳ ತೂಕ ಇಳಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಚೈತ್ರ ಹತ್ತನೇ ಕ್ಲಾಸು. ನಮ್ಮೂರಿಂದ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಓದುತ್ತಿದ್ದಳು. ಒಂದು ಸೋಮವಾರ ಯೂನಿಫಾರ್ಮನ್ನು ಮೂಲೆಗೆ ಎಸೆದು, ಇನ್ನು ಸ್ಕೂಲಿಗೆ ಹೋಗುವುದಿಲ್ಲ ಅಂತ ಕೂತಳು. ಬಸ್ಸಿನಲ್ಲಿ ಎಲ್ಲರೂ ಅವಳನ್ನು ‘ಮೂಟೆ’ ಅಂತಾರಂತೆ. ನನ್ನ ರಕ್ತ ಕುದಿಯಿತು. ಮಾರನೇ ದಿನ ಬಸ್‌ಸ್ಟಾಪಿಗೆ ಹೋಗಿ, ಇದನ್ನು ಶುರು ಮಾಡಿದವನು ಸಿಕ್ಕರೆ ಹಲ್ಲು ಉದುರಿಸುತ್ತೇನೆ ಅಂತ ಅರ್ಧ ಗಂಟೆ ಕೂಗಾಡಿದೆ. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ನನ್ನನ್ನೇ ಒಂಥರಾ ನೋಡಿದರು. ಹೆದರಿದ್ದಾರೆ ಅಂದುಕೊಂಡೆ.

ಪಕ್ಕದ ಮನೆಯ ಮಂಗಳಕ್ಕ ಆಶಾ ಕಾರ್ಯಕರ್ತೆ. ವಿಷಯ ಕೇಳಿ ಅವರೇ ಬಂದು ನಾಲ್ಕು ಪುಟದ ಒಂದು ಕಾಗದ ಕೈಗೆ ಕೊಟ್ಟರು.

“ಮಗ, ಬೆಳೆಯೋ ಮಗು ಅದು. ಫೋನ್ ನೋಡ್ಕಂಡು ಏನೇನೋ ಮಾಡ್ಬ್ಯಾಡ. ಇದ ಓದು, ಆಮೇಲೆ ದೊಡ್ಡಾಸ್ಪತ್ರೆಗೆ ಕರ್ಕಂಡೋಗಿ ತೋರ್ಸು.”

ಪೋಲಿಯೋ ಹನಿ ಹಾಕುವವರಿಗೆ ಬೊಜ್ಜಿನ ವಿಷಯ ಏನು ಗೊತ್ತು? ಅದೂ ಬಿಟ್ಟಿ ಕಾಗದ. ಮಡಚಿ ಜೇಬಿಗೆ ತುರುಕಿದೆ. ನನಗೆ ಓದುವುದು ಅಂದರೆ ತಲೆನೋವು. ವಿಡಿಯೋ ಆದರೆ ಅವರೇ ಹೇಳುತ್ತಾರೆ, ನಾವು ಕೇಳಿದರೆ ಸಾಕು.

ಕೇಳಿದೆ. ಒಬ್ಬ ಅನ್ನ ಬಿಡಿ ಅಂದ. ಇನ್ನೊಬ್ಬ ಅನ್ನ ತಿನ್ನಿ, ರಾಗಿ ಬಿಡಿ ಅಂದ. ಒಬ್ಬಳು ಬಾಳೆಹಣ್ಣು ವಿಷ ಅಂದಳು. ರಸಬಾಳೆಯ ಊರಲ್ಲಿ ಕೂತು ಈ ಮಾತನ್ನೂ ನಂಬಿದೆ! ನಂಜನಗೂಡಿನ ಪೇಟೆಯಲ್ಲಿ ತೂಕ ಇಳಿಸುವ ಡಬ್ಬಿಯ ಪುಡಿ ಮಾರುವವನು ಗೋಡೆಯ ಮೇಲಿನ ಫೋಟೋ ತೋರಿಸಿದ. ಎಡಕ್ಕೆ ದಪ್ಪಗಿನವನು, ಬಲಕ್ಕೆ ಸಣ್ಣಗಿನವನು. ಇವರಿಬ್ಬರೂ ಬೇರೆ ಬೇರೆ ಜನ ಕಣ್ಲಾ ಅಂದಳು ಜೊತೆಗೆ ಬಂದಿದ್ದ ಅವ್ವ. ನಿನಗೆ ಸೈನ್ಸು ಗೊತ್ತಿಲ್ಲ ಅಂತ ಅವ್ವನ ಬಾಯಿ ಮುಚ್ಚಿಸಿದೆ. ಕೊನೆಗೆ ಬಿಳಿ ಕೋಟು ಹಾಕಿಕೊಂಡಿದ್ದ ಒಬ್ಬನ ವಿಡಿಯೋ ಹಿಡಿದೆ. ಬೆಳಿಗ್ಗೆ ಹುರುಳಿಕಟ್ಟಿನ ನೀರು, ಸಂಜೆ ಹುರುಳಿಕಟ್ಟಿನ ನೀರು, ನಡುವೆ ಪುಡಿ. ಚೈತ್ರ ಎರಡು ದಿನ ಅತ್ತಳು. ಮೂರನೇ ದಿನ ಅಳುವುದಕ್ಕೂ ಶಕ್ತಿ ಇರಲಿಲ್ಲ. ಹೊಂದಿಕೊಂಡಳು ಅಂತ ನಾನು ಸಂತೋಷಪಟ್ಟೆ.

ಮೊದಲನೇ ದಿನವೇ ಬೈಕಿನಲ್ಲಿ ಮಿಲ್ಲಿಗೆ ಕರೆದುಕೊಂಡು ಹೋಗಿ ತೂಗಿದ್ದೆ. ನಮ್ಮಲ್ಲಿ ಎರಡು ತಕ್ಕಡಿ. ಒಂದು ರೈತರಿಂದ ಭತ್ತ ಕೊಳ್ಳುವುದಕ್ಕೆ, ಇನ್ನೊಂದು ಅಕ್ಕಿ ಮಾರುವುದಕ್ಕೆ. ಎರಡು ಯಾಕೆ ಅಂತ ಕೇಳಬೇಡಿ. ಕೇಳಿದ ರೈತರಿಗೂ ನಾವು ಹೇಳಿಲ್ಲ. ಅವತ್ತು ಭತ್ತದ ತಕ್ಕಡಿ ಖಾಲಿ ಇರಲಿಲ್ಲ, ಅಕ್ಕಿಯದರ ಮೇಲೆ ನಿಲ್ಲಿಸಿದೆ. ಅದು ಅಲುಗಾಡುತ್ತಿತ್ತು. ಜೇಬಲ್ಲಿದ್ದ ಮಂಗಳಕ್ಕನ ಕಾಗದ ತೆಗೆದು ತಕ್ಕಡಿಯ ಕಾಲಿನಡಿ ಇಟ್ಟೆ. ಸರಿಯಾಗಿ ಕೂತಿತು. ಎಪ್ಪತ್ತನಾಲ್ಕು ಕೇಜಿ. ಹಮಾಲಿಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಚೈತ್ರ ತಲೆ ಎತ್ತಲಿಲ್ಲ.

ಎರಡನೇ ವಾರ ಭತ್ತದ ತಕ್ಕಡಿಯ ಮೇಲೆ ತೂಗಿದೆ. ಎಪ್ಪತ್ತು. ಚೀಲಕ್ಕೆ, ತೇವಕ್ಕೆ ಅಂತ ಎರಡು ಕೇಜಿ ಕಳೆಯುವುದು ನಮ್ಮ ಪದ್ಧತಿ. ಕೈ ತಾನಾಗಿಯೇ ಕಳೆಯಿತು. ಅರವತ್ತೆಂಟು! ಒಂದೇ ವಾರದಲ್ಲಿ ಆರು ಕೇಜಿ! ವಾಟ್ಸಾಪ್ ಸ್ಟೇಟಸ್ ಹಾಕಿದೆ. ಮೂವರು ಫೋನ್ ಮಾಡಿ ಸಲಹೆ ಕೇಳಿದರು, ಕೊಟ್ಟೆ.

ಹಮಾಲಿ ನಂಜುಂಡ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಅಣ್ಣೋ, ಓದ್ವಾರ ಮಾರೋ ತಕ್ಡೀಲಿ ತೂಗ್ದೆ, ಈ ವಾರ ಕೊಳ್ಳೋದ್ರಲ್ಲಿ. ಮಗು ಎಲ್ ಇಳೀತು? ನೀನು ಇಳುಸ್ದೆ ಅಷ್ಟೇಯ.”

ನನಗೆ ಆ ಕ್ಷಣವೇ ಅರ್ಥವಾಯಿತು. ಆದರೆ ಸ್ಟೇಟಸ್ ಹಾಕಿಯಾಗಿತ್ತು. ಸುಮ್ಮನಿರು ಅಂದೆ. ಅಷ್ಟರಲ್ಲಿ ಚೈತ್ರ ಹತ್ತು ದಿನದಲ್ಲಿ ಮೊದಲ ಸಲ ನಕ್ಕಿದ್ದಳು. ನಾಳೆ ಸ್ಕೂಲಿಗೆ ಹೋಗುತ್ತೇನೆ ಅಂದಳು. ಆ ನಗುವಿಗೆ ಎದುರಾಗಿ ನಿಜ ಹೇಳುವ ಧೈರ್ಯ ನನ್ನಂಥ ಗಂಡಸಿಗೆ ಬರಲಿಲ್ಲ.

ಮಾರನೇ ದಿನ ಹುರುಳಿಕಟ್ಟಿನ ನೀರು ಕುಡಿದು ಹೋದಳು. ಪ್ರೇಯರ್ ಮುಗಿಯುವ ಮೊದಲೇ ಬಿದ್ದಳು.

ನಾನು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಅವಳ ಕೈಗೆ ಡ್ರಿಪ್ ಹಾಕಿದ್ದರು. ಅವ್ವ ನನ್ನ ಕಡೆ ನೋಡಲೂ ಇಲ್ಲ. ಯಾರು ಹೇಳಿದ ಡಯಟ್ ಇದು ಅಂತ ಡಾಕ್ಟರಮ್ಮ ಕೇಳಿದರು. ಫೋನ್ ತೋರಿಸಿದೆ.

“ಇವರು ಡಾಕ್ಟರಾ?”

“ಬಿಳಿ ಕೋಟ್ ಆಕವ್ರೆ ಮೇಡಂ.”

“ಪೇಟೇಲಿ ಕಟಿಂಗ್ ಶಾಪಿನವರೂ ಹಾಕ್ತಾರಪ್ಪ.”

ಆಮೇಲೆ ಅವರು ಸಿಟ್ಟಿಲ್ಲದೆ ಹೇಳಿದರು. ತೂಕ ಸ್ವಲ್ಪ ಹೆಚ್ಚಿದೆ, ನಿಜ. ಆದರೆ ಬೆಳೆಯುವ ವಯಸ್ಸಿನವರನ್ನು ಉಪವಾಸ ಕೆಡವಬಾರದು. ರಕ್ತ ಪರೀಕ್ಷೆ ಮಾಡೋಣ. ಮನೆ ಊಟ, ಸೊಪ್ಪು, ಹಣ್ಣು ಕೊಡಿ. ಬೇಕರಿ ತಿಂಡಿ, ಜ್ಯೂಸ್ ಕಡಿಮೆ ಮಾಡಿ. ದಿನಾ ಆಡಲಿ. ಅವಳಿಗೊಂದು ಊಟ, ಮಿಕ್ಕವರಿಗೊಂದು ಊಟ ಬೇಡ. ಹೇಳುತ್ತಲೇ ಒಂದು ಕಾಗದ ಕೊಟ್ಟರು. ನಾಲ್ಕು ಪುಟ! ಇದನ್ನು ನಿಮ್ಮೂರಲ್ಲಿ ಕೊಟ್ಟಿರಲಿಲ್ಲವಾ ಅಂತ ಕೇಳಿದರು. ಕೊಟ್ಟಿದ್ದರು, ತುಂಬಾ ಉಪಯೋಗವಾಯಿತು ಅಂದೆ. ತಕ್ಕಡಿಯ ಕಾಲಿನ ವಿಷಯ ಹೇಳಲಿಲ್ಲ.

ಸ್ಕೂಲಲ್ಲಿ ಯಾರಾದರೂ ಆಡಿಕೊಳ್ಳುತ್ತಾರಾ ಅಂತ ಚೈತ್ರಳನ್ನು ಕೇಳಿದರು. ಮೂಟೆ ಅಂತಾರೆ ಅಂದಳು. ನಾನು ಎದೆ ಉಬ್ಬಿಸಿ ಮುಂದೆ ಬಂದೆ. ಶುರು ಮಾಡಿದವನು ಸಿಕ್ಕಲಿ ಮೇಡಂ, ಬಿಡುವುದಿಲ್ಲ ಅಂದೆ.

ಚೈತ್ರ ಗೋಡೆ ಕಡೆ ನೋಡುತ್ತಾ ಹೇಳಿದಳು:

“ಅಣ್ಣನೇ. ಬಸ್ ಬಂತು ಓಡೇ ಮೂಟೆ ಅಂತ ಎಲ್ರ ಮುಂದೆ ಕೂಗ್ದ. ಅವತ್ತಿಂದ ಎಲ್ರೂವೆ.”

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಪ್ರೀತಿಗೆ ಕರೆದೆ ಅಂತ ಹೇಳೋಣ ಅಂದುಕೊಂಡೆ. ಬಸ್‌ಸ್ಟಾಪಿನ ಹುಡುಗರು ನನ್ನನ್ನು ಯಾಕೆ ಹಾಗೆ ನೋಡಿದರು ಅಂತ ಈಗ ತಿಳಿಯಿತು.

ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಮನೆಯವರೆಲ್ಲ ಜೊತೆಗೇ ಶುರು ಮಾಡಬೇಕು, ಮೊದಲು ನೀನು ಹತ್ತಪ್ಪ ಅಂತ ಮೂಲೆಯ ತೂಕದ ಮಿಷನ್ ತೋರಿಸಿದರು. ಹತ್ತಿದೆ.

“ತೊಂಬತ್ತೊಂದು,” ಅಂದರು ನರ್ಸು, ವಾರ್ಡಿಗೆಲ್ಲ ಕೇಳುವ ಹಾಗೆ.

ಚೈತ್ರ ಗೋಡೆಯಿಂದ ಈ ಕಡೆ ತಿರುಗಿದಳು.

ತೇವಕ್ಕೆ ಎರಡು ಕೇಜಿ ಕಳೆಯಿರಿ ಸಿಸ್ಟರ್ ಅಂದೆ. ಕಳೆಯಲಿಲ್ಲ.